ಸ್ಟುಡಿಯೋಗೆ ಹೊರಡುವ ಮುಂಚೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಶಾಲೆಯ ಮಕ್ಕಳ ಹಾಡು ಮಂಗಳೂರಿನಲ್ಲಿ ರೆಕಾರ್ಡ್ ಆಗುತ್ತದೆ ಅಂತ ನಿನ್ನ ಅಪ್ಪ ಫೋನ್ ಮಾಡಿ ಹೇಳಿದ. ತುಂಬಾ ಖುಷಿಯಾಯಿತು. ಐದು ಹಾಡು, ಅದೂ ಒಂದೇ ದಿನದಲ್ಲಿ ಅಂದಾಗ ಮಾತ್ರ ಸ್ವಲ್ಪ ಕಸಿವಿಸಿಯಾಯಿತು. ಅದಕ್ಕೇ ಈ ಕಾಗದ. ಫೋನಲ್ಲಿ ಹೇಳಿದರೆ "ಆಯ್ತು ದೊಡ್ಡಪ್ಪ" ಅಂತ ಹೇಳಿ ನೀನು ಮರೆತುಬಿಡುತ್ತೀ.

ಐದು ಬೇಡ ಮಗಳೇ, ಎರಡು ಸಾಕು. ಅಲ್ಲಿ ಒಂದು ಹಾಡನ್ನು ಒಮ್ಮೆ ಹಾಡಿ ಎದ್ದು ಬರುವುದಿಲ್ಲ. ಮತ್ತೆ ಮತ್ತೆ ಹಾಡಿಸುತ್ತಾರೆ. ಮಕ್ಕಳ ಗಂಟಲು ಬೇಗ ಸೋಲುತ್ತದೆ. ಮೂರನೇ ಹಾಡಿಗೆ ಬರುವಷ್ಟರಲ್ಲಿ ಶ್ರುತಿ ಇಳಿಯಲು ಶುರು, ಮುಖದಲ್ಲಿ ನಗುವೂ ಇಲ್ಲ. ಆಮೇಲೆ ಕಂಪ್ಯೂಟರಲ್ಲಿ ಸರಿ ಮಾಡೋಣ ಅಂತ ಸ್ಟುಡಿಯೋದವರು ಹೇಳಿಯಾರು. ಒಬ್ಬರೇ ಹಾಡಿದ್ದಾದರೆ ಸರಿ ಮಾಡಬಹುದು. ಅಷ್ಟೂ ಮಕ್ಕಳು ಒಂದೇ ಮೈಕಿಗೆ ಹಾಡಿದ್ದರಲ್ಲಿ ಒಬ್ಬನ ಅಪಸ್ವರವನ್ನು ಮಾತ್ರ ಹೆಕ್ಕಿ ತೆಗೆಯುವುದು ಸುಲಭವಲ್ಲ. ಅಲ್ಲಿ ಹೋಗಿ ಕಲಿಸಲು ಸಮಯವೂ ಇಲ್ಲ, ಗಂಟೆಗೆ ಇಷ್ಟು ಅಂತ ಬಾಡಿಗೆ ಓಡುತ್ತಿರುತ್ತದೆ. ಕೆಲಸವೆಲ್ಲ ಕುಂಬಳೆಯ ನಿನ್ನ ಶಾಲೆಯಲ್ಲೇ ಮುಗಿಯಬೇಕು.

ಹಾಡು ಆರಿಸುವಾಗ ಇನ್ನೊಂದು ವಿಷಯ. ಯೂಟ್ಯೂಬಿಗೆ ಹಾಕುವ ಯೋಚನೆ ಇದೆಯಂತಲ್ಲ. ನಮ್ಮ ಕವಿಗಳು ಅಂತ ಸುಮ್ನೆ ಎತ್ತಿಕೊಳ್ಳಬಾರದು. ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಕವಿ ತೀರಿಕೊಂಡ ಮರುವರ್ಷದಿಂದ ಲೆಕ್ಕ ಹಾಕಿ 60 ವರ್ಷ ಪದ್ಯದ ಹಕ್ಕು, ಅಂದರೆ ಕಾಪಿರೈಟ್, ಇರುತ್ತದೆ. ಹಾಗಾಗಿ ಪೈಗಳು ಬದುಕಿದ್ದಾಗಲೇ ಅಚ್ಚಾದ ಪದ್ಯಗಳ ಹಕ್ಕು 2023ರ ಕೊನೆಗೆ ಮುಗಿಯಿತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ದಾಟಿ 2015ರಲ್ಲಿ ಹೋದವರು. ಅವರ ಪದ್ಯ ಹಾಡಬೇಕಾದರೆ ಮನೆಯವರನ್ನು ಕೇಳಿ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೋ. ರಾಗ ಹಾಕಿದವರ ಹಕ್ಕು ಬೇರೆಯೇ. ಹಳೆಯ ಕ್ಯಾಸೆಟ್ಟಿನ ರಾಗವನ್ನೇ ಎತ್ತಿಕೊಂಡರೆ ಪದ್ಯ ಎಷ್ಟು ಹಳತಾದರೂ ತಕರಾರು ಬರಬಹುದು. ರಾಗ ನೀನೇ ಹಾಕು, ನಿನಗೆ ಬರುತ್ತದೆ.

ಇನ್ನು ಹಾಡಿಸುವ ವಿಚಾರ. ನಿನ್ನ ಮಕ್ಕಳು ಕಲೋತ್ಸವದಲ್ಲಿ, ಅಂದರೆ ಕೇರಳದ ಶಾಲಾ ಕಲಾ ಸ್ಪರ್ಧೆಯಲ್ಲಿ, ಪಳಗಿದವರು. ಸಮೂಹಗಾನಕ್ಕೆ ಏಳು ಜನ ನಿಂತು, ಹಿಂದಿನ ಸಾಲಿನ ತನಕ ಕೇಳುವಂತೆ ಎದೆಯೆತ್ತಿ ಹಾಡಿ ಎ ಗ್ರೇಡ್ ತಂದವರು. ಅದೇ ಅಭ್ಯಾಸ ಸ್ಟುಡಿಯೋದಲ್ಲಿ ತೊಂದರೆ ಕೊಡುತ್ತದೆ. ಅಲ್ಲಿನ ಮೈಕಿಗೆ ಉಸಿರು ಎಳೆಯುವುದೂ ಕೇಳುತ್ತದೆ, ಎಂಜಲು ನುಂಗುವುದೂ ಕೇಳುತ್ತದೆ. ಗಟ್ಟಿ ಹಾಡಿದವನೊಬ್ಬನೇ ಮುಂದೆ ಬಂದು, ಉಳಿದವರೆಲ್ಲ ಅವನ ಹಿಂದೆ ಗುಂಪಾಗಿ ಗುಯ್‌ಗುಟ್ಟಿದಂತೆ ಕೇಳಿಸುತ್ತದೆ. ಪಕ್ಕದವರ ಧ್ವನಿ ತನಗೆ ಕೇಳುವಷ್ಟು ಮೆತ್ತಗೆ ಹಾಡಬೇಕು ಅಂತ ಮಕ್ಕಳಿಗೆ ಹೇಳು. ಮಳೆ ಬರುವಾಗ ಶೀಟಿನ ಮಾಡಿನ ಕೆಳಗೆ ಅಭ್ಯಾಸ ಮಾಡಿಸಲೇಬೇಡ. ಮಕ್ಕಳು ಮಳೆಗೆ ಪೈಪೋಟಿ ಕೊಡುತ್ತಾ ಕಿರುಚಲು ಕಲಿಯುತ್ತಾರೆ.

ಒಟ್ಟಿಗೆ ಶುರು ಮಾಡುವುದನ್ನು ಎಲ್ಲರೂ ಕಲಿಸುತ್ತಾರೆ. ಒಟ್ಟಿಗೆ ನಿಲ್ಲಿಸುವುದನ್ನು ಕಲಿಸುವವರು ಕಡಿಮೆ. ಸಾಲಿನ ಕೊನೆಗೆ ಒಂದು 'ಸ' ಅಥವಾ 'ತ್' ಬಂತು ಅಂತಿಟ್ಟುಕೋ. ಒಬ್ಬೊಬ್ಬರು ಒಂದೊಂದು ಗಳಿಗೆಗೆ ಬಿಟ್ಟರೆ ಸ್ಸ್ಸ್ ಅಂತ ಹಾವು ಹರಿದ ಹಾಗೆ ಕೇಳುತ್ತದೆ. ಕೊನೆಯ ಅಕ್ಷರ ತಾಳದ ಯಾವ ಎಣಿಕೆಯಲ್ಲಿ ಮುಗಿಯಬೇಕು ಅಂತ ಸಾಲು ಸಾಲಿಗೂ ಗುರುತು ಹಾಕಿಸು. ಉಸಿರಿನ ಜಾಗಕ್ಕೂ ಗುರುತು ಬೇಕು. ಉದ್ದ ಸಾಲಿನಲ್ಲಿ ಎಲ್ಲರೂ ಒಂದೇ ಕಡೆ ಉಸಿರು ಎಳೆದರೆ ಹಾಡಿನ ನಡುವೆ ತೂತು ಬೀಳುತ್ತದೆ. ಬಲಬದಿಯವರು ಇಲ್ಲಿ, ಎಡಬದಿಯವರು ಅಲ್ಲಿ ಅಂತ ಹಂಚಿಬಿಡು.

ಉಚ್ಚಾರಕ್ಕೆ ಒಂದು ವಾರ ಬೇರೆಯೇ ಇಡು. ನಿನ್ನ ತರಗತಿಯಲ್ಲಿ ತುಳು ಮನೆ, ಮಲಯಾಳ ಮನೆ, ಕೊಂಕಣಿ ಮನೆ, ಬ್ಯಾರಿ ಮನೆ, ಮರಾಟಿ ಮನೆಯ ಮಕ್ಕಳೆಲ್ಲ ಇದ್ದಾರೆ. ಕಾಸರಗೋಡಿನ ಕನ್ನಡ ಶಾಲೆ ಅಂದರೆ ಹಾಗೆಯೇ ಅಲ್ವಾ. ಅದು ನನಗೆ ಇಷ್ಟ. ಆದರೆ ಅರ್ಧ ಮಕ್ಕಳು 'ಭ' ಅಂದು ಅರ್ಧ ಮಕ್ಕಳು 'ಬ' ಅಂದರೆ ರೆಕಾರ್ಡಿನಲ್ಲಿ ಎರಡೂ ಅಲ್ಲದ ಮಬ್ಬು ಅಕ್ಷರ ಬರುತ್ತದೆ. ರಾಗ ಇಲ್ಲದೆ, ತಾಳಕ್ಕೆ ಸರಿಯಾಗಿ ಪದ್ಯ ಓದಿಸು. ಹಾಗಂತ ಮಹಾಪ್ರಾಣಕ್ಕೆ ಹೊಟ್ಟೆಯಿಂದ ಗಾಳಿ ನೂಕುವುದು ಬೇಡ. ಆ ಗಾಳಿ ಮೈಕಿಗೆ ಬಡಿದರೆ ಡಬ್ ಅನ್ನುತ್ತದೆ.

ಎಂಟನೇ ಕ್ಲಾಸಿನ ಇಬ್ಬರು ಹುಡುಗರಿಗೆ ಧ್ವನಿ ಒಡೆಯುತ್ತಿದೆ, ಬಿಡಬೇಕೋ ಏನೋ ಅಂತ ನೀನು ಕೇಳಿದೆಯಂತೆ. ಬಿಡಬೇಡ. ಆ ಪ್ರಾಯದಲ್ಲಿ ಬಿಟ್ಟರೆ ಮತ್ತೆ ಹಾಡಲು ಬಾಯಿ ತೆರೆಯುವುದಿಲ್ಲ. ಹಾರ್ಮೋನಿಯಂನ ಬಿಳಿ ಐದರ, ಅಂದರೆ ಐದನೇ ಬಿಳಿ ಮನೆಯ, ಶ್ರುತಿ ಹುಡುಗಿಯರಿಗೆ ಹಾಯಾಗಿರುತ್ತದೆ. ಈ ಹುಡುಗರಿಗೆ ಅದು ಮೇಲಾಯಿತು, ಒಂದು ಸ್ಥಾಯಿ ಕೆಳಗಿಳಿದರೆ ಪಾತಾಳ. ಅವರ ಗಂಟಲಿಗೆ ಸಿಗುವ ಸಾಲುಗಳನ್ನು ಮಾತ್ರ ಹಾಡಲಿ, ಉಳಿದ ಕಡೆ ಆಧಾರ ಷಡ್ಜವನ್ನೋ (ಸ) ಪಂಚಮವನ್ನೋ (ಪ) ಮೆಲ್ಲಗೆ ಹಿಡಿದು ನಿಲ್ಲಲಿ. ಹಾಡಿಗೂ ಒಳ್ಳೆಯ ತಳಪಾಯ ಸಿಗುತ್ತದೆ. ನಗುವವರಿದ್ದರೆ ನಗುವವರನ್ನು ಹೊರಗೆ ಹಾಕು.

ನೀನೊಬ್ಬಳೇ ಮೊದಲು ಹೋಗಿ ಆ ಕೋಣೆ ನೋಡಿಕೊಂಡು ಬಾ. ಎಲ್ಲರೂ ಒಟ್ಟಿಗೆ ನಿಲ್ಲಲು ಜಾಗ ಇದೆಯಾ, ಎಷ್ಟು ಹೆಡ್‌ಫೋನ್ ಇದೆ, ಕೇಳು. ಎಲ್ಲರಿಗೂ ಇಲ್ಲದಿದ್ದರೂ ಹೆದರಬೇಡ. ತಾಳ ನಿನ್ನ ಕಿವಿಗೆ ಮಾತ್ರ ಬರಲಿ, ನೀನು ಕೈಯಲ್ಲಿ ತೋರಿಸು. ಮಕ್ಕಳು ತೊಡೆಗೆ ತಟ್ಟಿ ತಾಳ ಹಾಕುವುದನ್ನು ಇವತ್ತಿನಿಂದಲೇ ಬಿಡಿಸು. ಹೆಡ್‌ಫೋನ್ ಸಿಕ್ಕಿದವರು ಒಂದು ಕಿವಿಗೆ ಮಾತ್ರ ಇಟ್ಟುಕೊಳ್ಳಲಿ. ಎರಡೂ ಕಿವಿ ಮುಚ್ಚಿದರೆ ತನ್ನ ಶ್ರುತಿ ತನಗೇ ತಿಳಿಯದೆ ಹೋಗುತ್ತದೆ.

ಹೊರಡುವ ದಿನದ್ದು ನಿನಗೆ ಗೊತ್ತಿರುವುದೇ. ಗಾಜಿನ ಬಳೆ ಬೇಡ, ಗೆಜ್ಜೆ ಬೇಡ, ಸರಸರ ಅನ್ನುವ ಬಟ್ಟೆ ಬೇಡ. ಪದ್ಯ ಬಾಯಿಪಾಠ ಬರಲಿ, ಕಾಗದದ ಸದ್ದು ಮಹಾ ಕಿರಿಕಿರಿ. ಹಿಂದಿನ ದಿನ ಆಟದ ಬಯಲಲ್ಲಿ ಬೊಬ್ಬೆ ಹೊಡೆಯುವುದು ಬೇಡ. ನೀರು ಹಿಂದಿನ ಸಂಜೆಯಿಂದಲೇ ಕುಡಿಯಲಿ. ಕುಡಿದ ನೀರು ಹೊಟ್ಟೆಗೆ ಹೋಗುತ್ತದೆ, ಧ್ವನಿಯ ತಂತುಗಳಿಗೆ ನೇರ ತಾಗುವುದಿಲ್ಲ, ಆ ಹೊತ್ತಿಗೆ ಗಟಗಟ ಕುಡಿದರೆ ದೊಡ್ಡ ಪ್ರಯೋಜನ ಇಲ್ಲ. ಹಸಿವಲ್ಲಂತೂ ಕರೆದುಕೊಂಡು ಹೋಗಬೇಡ. ಹೊಟ್ಟೆ ಗುರುಗುಟ್ಟುವುದೂ ಮೈಕಿಗೆ ಕೇಳುತ್ತದೆ, ತಮಾಷೆಯಲ್ಲ. ಬೆಳಿಗ್ಗೆ ಬೆಳ್ತಿಗೆ ಗಂಜಿಯೋ ಇಡ್ಲಿಯೋ ಸಾಕು. ಬಸ್ಸಿನಲ್ಲಿ ಗಡಿಯ ತಲಪಾಡಿ ದಾಟುವಾಗ ವಾಂತಿ ಮಾಡುವವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಆದಷ್ಟು ರೈಲಿನಲ್ಲೇ ಹೋಗಿ.

ಒಳಗೆ ಹೋದ ಮೇಲೆ, ಇದು ಬರೀ ಅಭ್ಯಾಸ ಅಂತ ಮಕ್ಕಳಿಗೆ ಹೇಳಿ ಮೊದಲನೆಯದನ್ನೂ ರೆಕಾರ್ಡ್ ಮಾಡಿಸು. ಹೆದರಿಕೆ ಇಲ್ಲದೆ ಹಾಡಿದ್ದು ಕೆಲವೊಮ್ಮೆ ಅದೊಂದೇ ಆಗಿರುತ್ತದೆ. ಪ್ರತಿ ಸಲ ಹಾಡುವ ಮುಂಚೆ ಶ್ರುತಿ ಕೇಳಿಸು. ಹಾಡು ಮುಗಿದ ಮೇಲೆ ನೀನು ಕೈ ಇಳಿಸುವ ತನಕ ಯಾರೂ ಅಲುಗಬಾರದು. ಕೊನೆಯ ಸ್ವರದ ಗುಂಗು ಕೋಣೆಯಲ್ಲಿ ಇನ್ನೂ ಇರುತ್ತದೆ. ಅದರ ಮೇಲೆ ಯಾರಾದರೂ "ಸರಿ ಆಯ್ತಾ ಟೀಚರ್" ಅಂದರೆ ಅಷ್ಟೂ ಹೋಯಿತು. ತಪ್ಪಿದವನ ಹೆಸರು ಹೇಳಬೇಡ. "ಎರಡನೇ ಸಾಲು ಇನ್ನೊಮ್ಮೆ" ಅಂದರೆ ಅವನಿಗೆ ತಿಳಿಯುತ್ತದೆ. ನಡುನಡುವೆ ರೆಕಾರ್ಡ್ ಆದದ್ದನ್ನು ನೀನು ಮಾತ್ರ ಕೇಳು. ಮಕ್ಕಳಿಗೆ ಕೇಳಿಸುವುದು ಹೊರಡುವ ಮುಂಚೆಯೇ, ಶಾಲೆಯಲ್ಲಿ, ನಿನ್ನ ಫೋನಿನಲ್ಲಿ ಆಗಲಿ.

ಫೋನಿನದ್ದನ್ನು ಇದೇ ವಾರ ಶುರು ಮಾಡು. ಕಿಟಕಿಯ ದಂಡೆಯ ಮೇಲೆ ಇಟ್ಟು, ಫ್ಯಾನ್ ನಿಲ್ಲಿಸಿ, ಪೂರ್ತಿ ಹಾಡು ರೆಕಾರ್ಡ್ ಮಾಡಿ ನನಗೂ ವಾಟ್ಸಾಪ್ ಮಾಡು. ಶನಿವಾರ ಬಿಡುವಿದೆ, ಬರುತ್ತೇನೆ. ಶ್ರುತಿಪೆಟ್ಟಿಗೆ ನನ್ನದೇ ತರುತ್ತೇನೆ, ನಿಮ್ಮ ಶಾಲೆಯದ್ದು ಸರಿಯಿಲ್ಲ. ಅಷ್ಟರಲ್ಲಿ ಯಾವ ಮೂರು ಹಾಡು ಬಿಡುವುದು ಅಂತ ತೀರ್ಮಾನ ಮಾಡಿಡು.

ಇಂತು ನಿನ್ನ
ದೊಡ್ಡಪ್ಪ