ಬಿಚ್ಚಿಟ್ಟ ಕಾರಿಗೂ ತಿಂಗಳ ದಂಡವೇ?

ಮಾನ್ಯ ಸಂಪಾದಕರೇ,

ಹಳೆಯ ಕಾರನ್ನು ಗುಜರಿಗೆ ಹಾಕದೆ ಮನೆಯಲ್ಲೇ ದುರಸ್ತಿ ಮಾಡಿ ಉಳಿಸಿಕೊಳ್ಳಲು ಹೊರಟವರಿಗೆ ಆರ್‌ಸಿ (ವಾಹನದ ನೋಂದಣಿ ಪತ್ರ) ನವೀಕರಣದ ವಿಳಂಬ ಶುಲ್ಕ ಎಷ್ಟು ಭಾರವಾಗುತ್ತಿದೆ ಎಂಬುದನ್ನು ಸಾರಿಗೆ ಇಲಾಖೆಯ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ತಂದೆಯವರು 1982ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ಕಾರು ನಮ್ಮ ಮನೆಯಲ್ಲಿದೆ. 2022ರಲ್ಲಿ ಅದರ ಆರ್‌ಸಿ ಅವಧಿ ಮುಗಿಯುವ ಹೊತ್ತಿಗೆ ಗಾಡಿ ಓಡಿಸುವ ಸ್ಥಿತಿಯಲ್ಲಿರಲಿಲ್ಲ. ಡ್ರೈವರ್ ಸೀಟಿನ ಮುಂದಿನ ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದರೆ ತಗಡು ಹಪ್ಪಳದಂತೆ ಮುರಿದು ನೆಲ ಕಾಣುತ್ತಿತ್ತು. ಬ್ರೇಕಿನ ವೀಲ್ ಸಿಲಿಂಡರ್‌ಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಆ ವರ್ಷ ದೀಪಾವಳಿ ಕಳೆದ ಮೇಲೆ ಎಂಜಿನ್ ಇಳಿಸಿ ಕೆಲಸಕ್ಕೆ ಕೈ ಹಾಕಿದೆ.

ಬಯಲುಸೀಮೆಯಲ್ಲಿ ವರ್ಷದೊಳಗೆ ಮುಗಿಯಬಹುದಾದ ಇಂಥ ಕೆಲಸ ಮಲೆನಾಡಿನಲ್ಲಿ ಮುಗಿಯುವುದಿಲ್ಲ. ಜೂನ್‌ನಲ್ಲಿ ಮಳೆ ಹಿಡಿದರೆ ಉಜ್ಜಿ ಬಿಳಿ ಮಾಡಿದ ತಗಡು ಬೆಳಗಾಗುವುದರೊಳಗೆ ಕೆಂಪಗಾಗುತ್ತದೆ. ಆ ತೇವದಲ್ಲಿ ಬಣ್ಣ ಹೊಡೆದರೆ ಹೊಳಪು ಮಾಸಿ ಬಿಳಿಚಿಕೊಳ್ಳುತ್ತದೆ. ಮಳೆ ಬಿಟ್ಟು ಬಿಸಿಲು ಬರುವಾಗ ಕಾಫಿ ಕೊಯ್ಲು. ನಮಗೆ ಸಿಗುವುದು ವರ್ಷದಲ್ಲಿ ಮೂರು ನಾಲ್ಕು ತಿಂಗಳು ಮಾತ್ರ. ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಅಲೆಯಬೇಕು. ಈಗಿನ ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಹಳೆಯ ರಬ್ಬರ್ ತಾಳುವುದಿಲ್ಲವಾದ್ದರಿಂದ ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಂ ಎಲ್ಲವನ್ನೂ ಬದಲಿಸಬೇಕಾಯಿತು. ನಮ್ಮೂರಿನ ಹಿರಿಯ ಟಿಂಕರಿಂಗ್ ಮೇಸ್ತ್ರಿಯೊಬ್ಬರು ತಗಡಿನ ಒಳಬದಿಗೆ ಕಬ್ಬಿಣದ ಗಟ್ಟಿಯೊಂದನ್ನು ಆನಿಸಿ, ಹೊರಗಿನಿಂದ ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತಾ, ನಡುನಡುವೆ ಕಣ್ಣು ಮುಚ್ಚಿ ಅಂಗೈ ಸವರಿ ಏರುತಗ್ಗು ನೋಡುತ್ತಾ ಒಂದು ಮಡ್‌ಗಾರ್ಡ್‌ಗೆ ನಾಲ್ಕು ದಿನ ತೆಗೆದುಕೊಂಡರು. ದಪ್ಪಗೆ ಪುಟ್ಟಿ ಮೆತ್ತಿದ್ದರೆ ಒಂದೇ ದಿನದಲ್ಲಿ ಮುಗಿಯುತ್ತಿತ್ತು, ಆದರೆ ಆ ಪುಟ್ಟಿ ಎರಡು ಮಳೆಗಾಲ ಬಾಳುವುದಿಲ್ಲ. ಇಂಥ ಕೈಗೆ ಅವಸರ ಹೇರಲು ನನಗಂತೂ ಮನಸ್ಸು ಬರಲಿಲ್ಲ.

ಈ ಅವಧಿಯುದ್ದಕ್ಕೂ ವಿಳಂಬ ಶುಲ್ಕ ಮಾತ್ರ ಬೆಳೆಯುತ್ತಲೇ ಇತ್ತು. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಆರ್‌ಸಿ ನವೀಕರಣ ತಡವಾದರೆ ಕಾರಿಗೆ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ ಶುಲ್ಕವಿದೆ. ಹಾಗಾಗಿ ಒಂದು ಮಾರು ದೂರವೂ ಓಡದ ಮೂರು ವರ್ಷಕ್ಕೆ 18,000 ರೂಪಾಯಿ. ಅಲ್ಲದೆ, ಮೊದಲು 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರಲ್ಲಿ 5,000ಕ್ಕೆ ಏರಿ, 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಿಂದ 10,000 ಆಗಿದೆ. ಮೊದಲೇ ನವೀಕರಿಸಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ನವೀಕರಣಕ್ಕೆ ವಾಹನದ ತಪಾಸಣೆ ಆಗಬೇಕು. ಎಂಜಿನ್ ಒಂದು ಕಡೆ, ಬಾಗಿಲು ಒಂದು ಕಡೆ ಇರುವ ಗಾಡಿಯನ್ನು ತಪಾಸಣೆಗೆ ಒಯ್ಯುವುದು ಹೇಗೆ?

2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮವೂ ನಮ್ಮ ನೆರವಿಗಿಲ್ಲ. ಅದು 50 ವರ್ಷ ದಾಟಿದ ವಾಹನಗಳಿಗೆ ಮಾತ್ರ ಅನ್ವಯಿಸುತ್ತದೆ, ನಮ್ಮ ಕಾರು ಅದಕ್ಕಾಗಿ 2032ರವರೆಗೆ ಕಾಯಬೇಕು. ಹಾಗೆ ನೋಂದಾಯಿಸಿದರೂ ಪ್ರದರ್ಶನ, ರ‍್ಯಾಲಿಗಳಂಥ ಸಂದರ್ಭಕ್ಕಲ್ಲದೆ ನಿತ್ಯ ಬಳಕೆಗೆ ರಸ್ತೆಗಿಳಿಸುವಂತಿಲ್ಲ. ನನ್ನ ಆಸೆ ಇಷ್ಟೇ: ಅಮ್ಮನನ್ನು ಅದೇ ಕಾರಿನಲ್ಲಿ ಕೂರಿಸಿಕೊಂಡು ಚಿಕ್ಕಮಗಳೂರಿನ ಪೇಟೆಗೆ ಹೋಗಿ ಬರಬೇಕು.

ಹೊಗೆಯುಗುಳುವ, ಬ್ರೇಕ್ ಹಿಡಿಯದ ಗಾಡಿಗಳನ್ನು ರಸ್ತೆಗೆ ಬಿಡಿ ಎಂದು ನಾನು ಕೇಳುತ್ತಿಲ್ಲ. ತಪಾಸಣೆ ಕಟ್ಟುನಿಟ್ಟಾಗಿಯೇ ಇರಲಿ, ನವೀಕರಣ ಶುಲ್ಕವನ್ನೂ ಕಟ್ಟುತ್ತೇವೆ. ಆದರೆ ಗಾಡಿಯನ್ನು ಬಿಚ್ಚಿ ದುರಸ್ತಿಗೆ ತೆಗೆದುಕೊಂಡಿದ್ದೇವೆಂದು ಮಾಲೀಕರು ಫೋಟೊ ಸಹಿತ ಪ್ರಾದೇಶಿಕ ಸಾರಿಗೆ ಕಚೇರಿಗೆ ಲಿಖಿತವಾಗಿ ತಿಳಿಸಿದ ದಿನದಿಂದ, ಮೂರು ವರ್ಷಗಳ ಮಿತಿಯೊಳಗೆ, ವಿಳಂಬ ಶುಲ್ಕ ನಿಲ್ಲುವಂತಾಗಬೇಕು. ಆ ಅವಧಿಯಲ್ಲಿ ಗಾಡಿ ರಸ್ತೆಯಲ್ಲಿ ಕಂಡರೆ ಬಾಕಿಯನ್ನೆಲ್ಲ ದಂಡ ಸಮೇತ ವಸೂಲು ಮಾಡಲಿ. ಇದು ಕೇಂದ್ರದ ನಿಯಮವಾದ್ದರಿಂದ ರಾಜ್ಯ ಸಾರಿಗೆ ಇಲಾಖೆಯು ತಿದ್ದುಪಡಿ ಕೋರಿ ಕೇಂದ್ರಕ್ಕೆ ಬರೆಯಬೇಕೆಂದೂ, ಈಗಾಗಲೇ ಅರ್ಧ ಕೆಲಸವಾಗಿ ಶೆಡ್ಡುಗಳಲ್ಲಿ ನಿಂತಿರುವ ಗಾಡಿಗಳನ್ನೂ ಅದರಲ್ಲಿ ಸೇರಿಸಬೇಕೆಂದೂ ವಿನಂತಿಸುತ್ತೇನೆ.

– ಓರ್ವ ಓದುಗ, ಆಲ್ದೂರು, ಚಿಕ್ಕಮಗಳೂರು ಜಿಲ್ಲೆ