ಬಿಲ್=[] ಅಂತ ಬರೆದವಳಿಗೆ

ಪುಟ್ಟಿ,

ರಾತ್ರಿ ನೀನು ಫೋನ್ ಇಟ್ಟ ಮೇಲೆ ನಾನೂ ಮತ್ತೆ ಮಾಡಲಿಲ್ಲ. ನೀನು ಅಳುತ್ತಿದ್ದೆ, ನಾನು ಪಾಠ ಶುರು ಮಾಡಿದೆ, ಸಿಟ್ಟು ಬರದೆ ಇರುತ್ತಾ? ಸಾರಿ ಕಣೇ. ಪಾಲಿಟೆಕ್ನಿಕ್ ಹುಡುಗರ ಮುಂದೆ ನಿಂತು ನಿಂತು ಅಂಟಿಕೊಂಡ ಚಟ ಇದು, ಮನೆಯಲ್ಲೂ ಬಿಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅರ್ಧಕ್ಕೆ ಎದ್ದು ಹೋದರೂ ನನಗೆ ಗೊತ್ತಾಗುವುದಿಲ್ಲ, ನಿನಗೆ ಅನುಕೂಲ.

ಕೆಲಸ ಬಿಡುತ್ತೇನೆ ಅಂದೆಯಲ್ಲ, ಅದು ಆಮೇಲೆ. ಮೊದಲು ಆ ಬಗ್, ನಿನ್ನ ಪೈಥಾನ್ ಪ್ರೋಗ್ರಾಂನಲ್ಲಿ ಒಬ್ಬ ಗ್ರಾಹಕರ ಐಟಂ ಇನ್ನೊಬ್ಬರ ಬಿಲ್ಲಿಗೆ ಸೇರಿಕೊಂಡದ್ದು.

ನೀನು ಫೋನಿನಲ್ಲಿ ಓದಿದ ಸಾಲು ಬರೆದುಕೊಂಡಿದ್ದೆ: ಡೆಫ್ ಸೇರಿಸು(ಐಟಂ, ಬಿಲ್=[]). ಕೆಳಗೆ ಬಿಲ್.ಅಪೆಂಡ್(ಐಟಂ), ರಿಟರ್ನ್ ಬಿಲ್, ಅಂದರೆ ಐಟಂ ಅನ್ನು ಬಿಲ್ಲಿನ ಕೊನೆಗೆ ಸೇರಿಸಿ ಬಿಲ್ ವಾಪಸ್ ಕೊಡು. ಬಿಲ್ ಕೊಡದಿದ್ದರೆ ಹೊಸದೊಂದು ಖಾಲಿ ಲಿಸ್ಟ್ ತಗೋ ಅನ್ನುವುದು ನಿನ್ನ ಲೆಕ್ಕ, ಓದಿದ ಯಾರಿಗಾದರೂ ಹಾಗೇ ಅನಿಸುತ್ತದೆ. ಆದರೆ ಪೈಥಾನ್ ಆ [] ಅನ್ನು ಕರೆದಾಗಲೆಲ್ಲ ಹೊಸದಾಗಿ ಮಾಡುವುದಿಲ್ಲ. ಫಂಕ್ಷನ್ನನ್ನು ಹುಟ್ಟಿಸುವ ಆ ಡೆಫ್ ಸಾಲು ಓಡುವಾಗ ಒಂದೇ ಸಲ ಮಾಡಿ ಫಂಕ್ಷನ್ನಿನ ಜೊತೆಗೇ ಇಟ್ಟುಬಿಡುತ್ತದೆ. ಹಾಗೆ ಇಟ್ಟುಕೊಂಡದ್ದು ಸೇರಿಸು.__ಡಿಫಾಲ್ಟ್ಸ್__ನಲ್ಲಿ ಇರುತ್ತದೆ, ಸುಮ್ನೆ ಪ್ರಿಂಟ್ ಮಾಡಿ ನೋಡು. ಮೊದಲು ([],) ಅಂತ ಬರುತ್ತದೆ. 'ಹಾಲು' ಸೇರಿಸು, (['ಹಾಲು'],) ಆಗುತ್ತದೆ. ಬೇರೆ ಗ್ರಾಹಕರಿಗೆ ಅಂತ 'ಸೋಪು' ಸೇರಿಸು, (['ಹಾಲು', 'ಸೋಪು'],). ಒಬ್ಬರ ಹಾಲು ಇನ್ನೊಬ್ಬರ ಬಿಲ್ಲಿಗೆ ಹೋದದ್ದು ಹೀಗೆ.

ಟೆಸ್ಟ್ ಮಾಡಿದ್ದೆ ಅಮ್ಮಾ, ಸರಿಯಾಗಿತ್ತು ಅಂದೆ. ನಂಬುತ್ತೇನೆ. ನಿನ್ನ ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಂ ಪ್ರತಿ ಸಲ ಹೊಸದಾಗಿ ಶುರುವಾಗುತ್ತಿತ್ತು, ನೀನು ಒಂದೇ ಸಲ ಕರೆದು ನೋಡುತ್ತಿದ್ದೆ. ಸರ್ವರಿನಲ್ಲಿ ಅದೇ ಪ್ರೋಸೆಸ್ ದಿನಗಟ್ಟಲೆ ಓಡುತ್ತದೆ, ಅದರ ಜೊತೆ ಆ ಲಿಸ್ಟೂ ಬೆಳೆಯುತ್ತದೆ. ಇನ್ನೊಂದು ಮಾತು, ನೀನು ಮೊದಲು ಕಲಿತದ್ದು ಜಾವಾಸ್ಕ್ರಿಪ್ಟ್. 2015ರಲ್ಲಿ ಅದಕ್ಕೆ ಡಿಫಾಲ್ಟ್ ಆರ್ಗ್ಯುಮೆಂಟ್ (ನಾವು ಕೊಡದಿದ್ದರೆ ಫಂಕ್ಷನ್ ತಾನೇ ತಗೊಳ್ಳುವುದು) ಬಂದಾಗಿನಿಂದ ಅಲ್ಲಿ ಪ್ರತಿ ಕರೆಗೂ ಹೊಸ [] ಸಿಗುತ್ತದೆ. ರೂಬಿ ಭಾಷೆಯಲ್ಲೂ ಅಷ್ಟೇ. ಕೈ ಅದೇ ಅಭ್ಯಾಸಕ್ಕೆ ಬರೆದಿದೆ. ಪೈಥಾನಿನ ಅಧಿಕೃತ ಟ್ಯುಟೋರಿಯಲ್ಲಿನಲ್ಲೇ ಇದಕ್ಕೊಂದು ಎಚ್ಚರಿಕೆ ಬರೆದಿಟ್ಟಿದ್ದಾರೆ ಅಂದ ಮೇಲೆ ಎಷ್ಟು ಜನ ಬಿದ್ದಿರಬೇಕು ನೋಡು. ಕೋಡಿನ ತಪ್ಪು ಹುಡುಕುವ ಪೈಲಿಂಟ್ ಓಡಿಸಿದ್ದರೆ ಅಪಾಯಕಾರಿ ಡಿಫಾಲ್ಟ್ ಅಂತ ಅದೇ ಕೂಗುತ್ತಿತ್ತು. ಅಷ್ಟು ದೊಡ್ಡ ಆಫೀಸಿನಲ್ಲಿ ರಿವ್ಯೂ ಮಾಡಿದವರ ಕಣ್ಣಿಗೂ ಬೀಳಲಿಲ್ಲ, ಮೀಟಿಂಗಿನಲ್ಲಿ ಹೆಸರು ಮಾತ್ರ ನಿನ್ನದು. ಅದು ನನಗೆ ಹಿಡಿಸಲಿಲ್ಲ, ಇರಲಿ.

ರಿಪೇರಿ ನಿನಗೇ ಗೊತ್ತು: ಬಿಲ್=ನನ್ (None, ಏನೂ ಇಲ್ಲ) ಅಂತ ಇಟ್ಟು, ಒಳಗೆ ಬಿಲ್ ನನ್ ಆಗಿದ್ದರೆ ಬಿಲ್ = [].

ಈಗ ನಿದ್ದೆ ಕೆಡಿಸಿದ ವಿಷಯ. ಬಗ್ ಸಿಕ್ಕಿದ್ದು ಸೋಮವಾರ, ನೀನು ಹೇಳಿದ್ದು ಶುಕ್ರವಾರ. ನಾಲ್ಕು ರಾತ್ರಿ ಒಬ್ಬಳೇ ಕೂತು ಏನು ಮಾಡಿದೆ? ಊಟ ಮಾಡಿದೆಯಾ?

ಸೆಕೆಂಡ್ ಪಿಯುಸಿಯಲ್ಲಿ ಗೆಳತಿಗೆ ಕೊಟ್ಟ ಫಿಸಿಕ್ಸ್ ರೆಕಾರ್ಡ್ ಹರಿದು ವಾಪಸ್ ಬಂದ ಕಥೆ ನಿನಗೆ ಹೇಳಬೇಕಾಗಿಲ್ಲ. ನಿನಗೆ ಗೊತ್ತಿಲ್ಲದ್ದು ಇಷ್ಟು: ಹರಿದ ಗ್ರಾಫ್ ಹಾಳೆಗಳನ್ನು ನೀನು ಹಾಸಿಗೆ ಕೆಳಗೆ ಇಟ್ಟಿದ್ದು ನಾನು ಕಸ ಗುಡಿಸುವಾಗ ನೋಡಿದ್ದೆ. ರಾತ್ರಿ ನೀರು ಕುಡಿಯುವ ನೆಪ ಮಾಡಿಕೊಂಡು ಎದ್ದು ಬಂದಿದ್ದೆ. ಬಾಗಿಲ ಸಂದಿಯಲ್ಲಿ ಬೆಳಕಿತ್ತು, ನೀನು ಸ್ಕೇಲ್ ಇಟ್ಟು ಅದೇ ಗ್ರಾಫ್ ಮತ್ತೆ ಎಳೆಯುತ್ತಿದ್ದೆ. ಕೇಳೋಣ ಅನಿಸಿತು. ಅವಳಾಗೇ ಹೇಳಲಿ ಅಂತಾನೂ ಅನಿಸಿತು. ನೀನು ಹೇಳಲಿಲ್ಲ, ಬೆಳಿಗ್ಗೆ ಕಣ್ಣು ಕೆಂಪಗಿದ್ದರೆ ಧೂಳು ಅಂದೆ. ಆಮೇಲೆ ನಿನ್ನ ಅಪ್ಪನಿಗೆ ಎಷ್ಟು ಸಲ ಹೇಳಿದೆನೋ, ಇವಳು ಕಷ್ಟ ಬಂದರೆ ಬಾಗಿಲು ಹಾಕಿಕೊಳ್ಳುತ್ತಾಳೆ ಕಣ್ರೀ ಅಂತ. ಅವರು ನಗುತ್ತಿದ್ದರು. ಈ ವಾರ ಅವರೂ ನಗಲಿಲ್ಲ.

ನೋಡು, ಪೈಥಾನ್ ಫಂಕ್ಷನ್ನಿಗೆ ಲಿಸ್ಟ್ ಕೊಡುವುದೂ ಹೀಗೇ, ಗೆಳತಿಗೆ ರೆಕಾರ್ಡನ್ನೇ ಕೊಟ್ಟ ಹಾಗೆ, ಜೆರಾಕ್ಸ್ ಅಲ್ಲ. ಒಳಗೆ ಅಪೆಂಡ್ ಮಾಡಿದರೆ, ಸಾರ್ಟ್ ಮಾಡಿದರೆ ಹೊರಗಿನದೇ ಬದಲಾಗುತ್ತದೆ. ಬಿಲ್ = ಬಿಲ್ + [ಐಟಂ] ಅಂದರೆ ಹೊಸ ಲಿಸ್ಟ್ ಹುಟ್ಟುತ್ತದೆ, ಹೊರಗಿನದು ಇದ್ದ ಹಾಗೇ ಇರುತ್ತದೆ. ಬಿಲ್ += [ಐಟಂ] ಅಂದರೆ ಮಾತ್ರ ಹಳೆಯದಕ್ಕೇ ಸೇರುತ್ತದೆ. ನೋಡಲು ಎರಡೂ ಒಂದೇ, ನಮ್ಮ ಹುಡುಗರು ಪರೀಕ್ಷೆಯಲ್ಲಿ ಬೀಳುವುದೂ ಇಲ್ಲೇ. ಈ ಪದ್ಧತಿಗೆ ಕಾಲ್ ಬೈ ಶೇರಿಂಗ್ ಅಂತ ಹೆಸರಿಟ್ಟವರು ಕಂಪ್ಯೂಟರ್ ವಿಜ್ಞಾನಿ ಬಾರ್ಬರಾ ಲಿಸ್ಕೋವ್ ಮತ್ತು ಅವರ ಜೊತೆಗಾರರು, 1970ರ ದಶಕದಲ್ಲಿ ಸಿಎಲ್‌ಯು ಭಾಷೆ ಕಟ್ಟುವಾಗ. ಹೆಂಗಸೊಬ್ಬರ ಹೆಸರು ಬಂತು ಅಂತ ಕ್ಲಾಸಿನಲ್ಲಿ ನಾನು ಸ್ವಲ್ಪ ಜಾಸ್ತಿಯೇ ಒತ್ತಿ ಹೇಳುತ್ತೇನೆ. ಕಾಪಿ ಬೇಕಿದ್ದರೆ ಬಿಲ್.ಕಾಪಿ() ಇದೆ, ಆದರೆ ಅದು ಮೇಲಿನ ಪದರ ಮಾತ್ರ. ಲಿಸ್ಟಿನೊಳಗೆ ಲಿಸ್ಟ್ ಇದ್ದರೆ ಒಳಗಿನದು ಇಬ್ಬರಿಗೂ ಒಂದೇ, ಆಗ ಒಳಗಿನದನ್ನೂ ನಕಲು ಮಾಡುವ ಡೀಪ್‌ಕಾಪಿ ಬೇಕು. ಹಾಗಂತ ಎಲ್ಲ ಕಡೆ ಡೀಪ್‌ಕಾಪಿ ಸುರಿಯಬೇಡ, ದೊಡ್ಡ ಡೇಟಾ ಇದ್ದರೆ ನಿಧಾನ ಆಗುತ್ತದೆ. ಫಂಕ್ಷನ್ ತನಗೆ ಕೊಟ್ಟದ್ದನ್ನು ಬದಲಿಸುತ್ತದೆ ಅಂದರೆ ಹೆಸರಿನಲ್ಲೇ ಅದು ಗೊತ್ತಾಗಲಿ, ಇಲ್ಲವೇ...

ಅಯ್ಯೋ, ಮತ್ತೆ ಪಾಠ. ಅಳಿಸುವುದಿಲ್ಲ, ಉಪಯೋಗಕ್ಕೆ ಬಂದೀತು.

ಕೆಲಸ ಬಿಡುವುದು ನಿನ್ನ ಇಷ್ಟ. ಆ ಮ್ಯಾನೇಜರ್ ಮಾತು ಪ್ರತಿ ವಾರವೂ ಹೀಗೇ ಇದ್ದರೆ ಬಿಡು, ಪುಣೆ ಬಿಟ್ಟರೆ ಊರಿಲ್ಲವಾ? ಈ ಒಂದು ಸಾಲಿನ ಮರ್ಯಾದೆಗೆ ಬಿಡುವುದಾದರೆ ಬೇಡ. ಪಕ್ಕದ ಮನೆಯವರು ಕೇಳಿದಾಗ ಮಗಳು ಚೆನ್ನಾಗಿದ್ದಾಳೆ ಅಂತಲೇ ಹೇಳಿದ್ದೇನೆ, ಅದು ಸುಳ್ಳೂ ಅಲ್ಲ. ಯಾರೋ ಹುಡುಕುವ ಮೊದಲೇ ನೀನೇ ಆ ಸಾಲು ಹಿಡಿದೆಯಂತಲ್ಲ, ಅಪ್ಪ ಅದನ್ನು ಫೋನಿನಲ್ಲಿ ನಿನ್ನ ಮಾವನಿಗೆ ಎರಡೆರಡು ಸಲ ಹೇಳಿದರು.

ಸೋಮವಾರದೊಳಗೆ ರಿಪೋರ್ಟ್ ಕೊಡಬೇಕು ಅಂದೆಯಲ್ಲ. ಏನಾಯಿತು, ಟೆಸ್ಟಿನಲ್ಲಿ ಯಾಕೆ ಸಿಗಲಿಲ್ಲ, ಎರಡನ್ನೂ ಸುತ್ತಿ ಬಳಸದೆ ಬರಿ. ಅದೇ ಫಂಕ್ಷನ್ನನ್ನು ಎರಡು ಸಲ ಕರೆದು ಎರಡನೆಯ ಬಿಲ್ಲಿನಲ್ಲಿ ಒಂದೇ ಐಟಂ ಇದೆಯಾ ಅಂತ ನೋಡುವ ಟೆಸ್ಟ್ ಒಂದನ್ನು ಜೊತೆಗೆ ಹಾಕು. ಕಳಿಸುವ ಮೊದಲು ನನಗೆ ತೋರಿಸಲೇಬೇಕು ಅಂತೇನಿಲ್ಲ. ತೋರಿಸಿದರೆ ಬೇಡ ಅನ್ನುವುದಿಲ್ಲ.

ಅಮ್ಮ