ಕೈ ಪಳಗಲು ಕಾಲ ಕೊಡಿ

ಮಾನ್ಯ ಸಂಪಾದಕರೇ,

ಕಟ್ಟಡಗಳ ನಕ್ಷೆ ತಯಾರಿಸುವುದು ನನ್ನ ವೃತ್ತಿ. 22 ವರ್ಷ ನಕ್ಷೆ ಬಿಡಿಸುವ ತಂತ್ರಾಂಶವಾದ ಆಟೋಕ್ಯಾಡ್‌ನಲ್ಲೇ ದುಡಿದವನು. ಕಳೆದ ವರ್ಷ ನಮ್ಮ ಸಂಸ್ಥೆ ಎಲ್ಲ ಕೆಲಸವನ್ನೂ ಇನ್ನೊಂದು ತಂತ್ರಾಂಶವಾದ ರೆವಿಟ್‌ಗೆ ಬದಲಾಯಿಸಿ, ಐದು ದಿನ ತರಬೇತಿ ಕೊಡಿಸಿತು. ಗಡುವುಗಳು ಮಾತ್ರ ಹಿಂದಿನವೇ. ಎರಡನೆಯ ವಾರಕ್ಕೆಲ್ಲ ‘ಇನ್ನೂ ಯಾಕೆ ತಡ?’ ಎಂದು ಕೇಳತೊಡಗಿದರು.

ಯಾಕೆಂದು ಹೇಳುತ್ತೇನೆ. ಮೂಲೆಯಲ್ಲಿ ಎರಡು ಗೋಡೆಗಳು ಒಂದನ್ನೊಂದು ದಾಟಿದ್ದರೆ ಹೆಚ್ಚಿನ ತುದಿಯನ್ನು ಕತ್ತರಿಸಬೇಕು. ಎರಡೂ ತಂತ್ರಾಂಶಗಳಲ್ಲಿ ಅದಕ್ಕೆ ಟ್ರಿಮ್ ಎಂದೇ ಹೆಸರು, ಒತ್ತುವ ಅಕ್ಷರಗಳೂ ಟಿ ಮತ್ತು ಆರ್. ಆದರೆ ಆಟೋಕ್ಯಾಡ್‌ನಲ್ಲಿ ಬೇಡದ ತುಂಡಿನ ಮೇಲೆ ಕ್ಲಿಕ್ ಮಾಡಬೇಕು. ರೆವಿಟ್‌ನಲ್ಲಿ ಉಳಿಯಬೇಕಾದ ತುಂಡಿನ ಮೇಲೆ. ತರಬೇತಿಯ ಮೊದಲ ದಿನವೇ ಇದನ್ನು ಬರೆದಿಟ್ಟುಕೊಂಡಿದ್ದೆ. ಆದರೂ ಎರಡು ತಿಂಗಳವರೆಗೆ ನನ್ನ ಬೆರಳು ಹಳೆಯ ರೂಢಿಯಂತೆಯೇ ಒತ್ತುತ್ತಿತ್ತು, ಬೇಕಾದ ಗೋಡೆಯೇ ಹೋಗುತ್ತಿತ್ತು. ಹೊಸದಾಗಿ ಸೇರಿದವರಿಗೆ ಈ ಕಷ್ಟವಿಲ್ಲ, ಅವರು ಏನನ್ನೂ ಮರೆಯಬೇಕಾಗಿಲ್ಲ. ಅವರೊಂದಿಗೆ ಹೋಲಿಸಿ ಅನುಭವಿಗಳನ್ನು ‘ನಿಧಾನ’ ಎನ್ನುವುದನ್ನು ಕೇಳಿ ತುಂಬ ನೊಂದಿದ್ದೇನೆ.

1982ರಲ್ಲಿ ಬಂದ ಆಟೋಕ್ಯಾಡ್ ಡ್ರಾಯಿಂಗ್ ಬೋರ್ಡಿನ ಕೆಲಸವನ್ನೇ ಕಂಪ್ಯೂಟರಿಗೆ ತಂದಿತ್ತು. ಅಲ್ಲಿ ಗೋಡೆಯೆಂದರೆ ಎರಡು ಗೆರೆ. ರೆವಿಟ್‌ನಲ್ಲಿ ಗೋಡೆ ಗೋಡೆಯೇ: ಅದರ ಎತ್ತರ, ಪದರಗಳು, ಯಾವ ಮಹಡಿಯಿಂದ ಎಲ್ಲಿಯವರೆಗೆ ಎಂಬುದನ್ನೆಲ್ಲ ಮೊದಲೇ ಯೋಚಿಸಬೇಕು. ಪ್ರಯೋಜನವೂ ಕಡಿಮೆಯಲ್ಲ. ಪ್ಲಾನಿನಲ್ಲಿ ಬಾಗಿಲಿನ ಅಳತೆ ಬದಲಿಸಿದರೆ ಸೆಕ್ಷನ್ (ಕಟ್ಟಡವನ್ನು ಸೀಳಿ ತೋರಿಸುವ ನಕ್ಷೆ), ಎಲಿವೇಷನ್ (ಎದುರಿನಿಂದ ಕಾಣುವ ನೋಟ), ಬಾಗಿಲುಗಳ ಪಟ್ಟಿ ಎಲ್ಲದರಲ್ಲೂ ತಾನಾಗಿ ಬದಲಾಗುತ್ತದೆ. ಹಿಂದೆ ಮೂರು ಕಡೆ ತಿದ್ದಿ ನಾಲ್ಕನೆಯದನ್ನು ಮರೆತು ಸೈಟಿನಿಂದ ಬೈಸಿಕೊಂಡದ್ದುಂಟು. ಹೊಸ ತಂತ್ರಾಂಶ ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ.

ಒಂದು ದಿನದಲ್ಲಿ ಮುಗಿಸುತ್ತಿದ್ದ ಮಹಡಿಯ ಪ್ಲಾನಿಗೆ ಮೊದಲ ತಿಂಗಳು ಮೂರು ದಿನ ಹಿಡಿಯಿತು. ಹಳೆಯ ವೇಗಕ್ಕೆ ಬಂದದ್ದು ನಾಲ್ಕನೆಯ ತಿಂಗಳಲ್ಲಿ, ಅದನ್ನು ಮೀರಿದ್ದು ಏಳನೆಯ ತಿಂಗಳಲ್ಲಿ.

ತಂತ್ರಾಂಶ ಕೊಳ್ಳಲು ಹಣ ಎತ್ತಿಡುವ ಸಂಸ್ಥೆಗಳು ದಯವಿಟ್ಟು ಈ ತಿಂಗಳುಗಳನ್ನೂ ಲೆಕ್ಕಕ್ಕೆ ಹಿಡಿಯಲಿ. ಮೊದಲ ಕೆಲಸಕ್ಕೆ ಅವಸರವಿಲ್ಲದ ಸಣ್ಣ ಕಟ್ಟಡವನ್ನು ಆರಿಸಿಕೊಳ್ಳಲಿ. ತರಬೇತಿಯನ್ನು ಒಂದೇ ವಾರದಲ್ಲಿ ಮುಗಿಸದೆ ವಾರಕ್ಕೊಂದು ದಿನದಂತೆ ಹಂಚಲಿ. ಸಂದೇಹಗಳು ಏಳುವುದು ಕೆಲಸಕ್ಕೆ ಕೈಹಾಕಿದ ಮೇಲೆ. ಆ ಹೊತ್ತಿಗೆ ನಮಗೆ ಕಲಿಸಿದವರು ಹೊರಟುಹೋಗಿದ್ದರು.

ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಮೂರನೆಯ ತಿಂಗಳಲ್ಲಿ ರಾಜೀನಾಮೆ ಕೊಟ್ಟರು. ಅವರು ಮಾಡಿದ ಮೆಟ್ಟಿಲಿನ ಲೆಕ್ಕ ತಪ್ಪಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಸಂಸ್ಥೆ ಇನ್ನೊಂದೆರಡು ತಿಂಗಳು ತಾಳಿದ್ದರೆ ಅವರ ಕೈಯೂ ಪಳಗುತ್ತಿತ್ತು.

ಇಂತಿ,
ಒಬ್ಬ ನಕ್ಷೆಗಾರ